ಎರಡನೇ ಬಾಟಲಿಯನ್ನು ಅಲುಗಾಡಿಸಿದ ತಪ್ಪಿಗೆ

ಇವರಿಗೆ,
ಮಾನ್ಯ ಮುಖ್ಯಸ್ಥರು, ಗ್ರಾಹಕರ ದೂರು ವಿಭಾಗ,
ಮೀನಿನ ತೊಟ್ಟಿಯ ನೀರಿನಲ್ಲಿ ನೈಟ್ರೇಟ್ ಎಷ್ಟಿದೆಯೆಂದು ತೋರಿಸುವ ಪೆಟ್ಟಿಗೆಯ ಕಂಪನಿ.

ಇವರಿಂದ,
ಕೆಂಪಣ್ಣ, ನಿವೃತ್ತ ಗೊಬ್ಬರ ಮಾರಾಟ ಗುಮಾಸ್ತ, ಕುಶಾಲನಗರದ ಹತ್ತಿರ.

ವಿಷಯ: ತಮ್ಮ ಪೆಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತಿರುವ ಬಗ್ಗೆ ದೂರು.

ಮಾನ್ಯರೇ,

ತಮಗೂ, ತಮ್ಮ ಕಾರ್ಖಾನೆಯಲ್ಲಿ ಆ ಪುಟ್ಟ ಬಾಟಲಿಗಳಿಗೆ ಮುಚ್ಚಳ ಹಾಕುವ ಪ್ರತಿಯೊಬ್ಬರಿಗೂ, ಹಳದಿಯಿಂದ ಹಿಡಿದು ರಕ್ತಗೆಂಪಿನ ತನಕ ಎಲ್ಲ ಬಣ್ಣಗಳನ್ನೂ ಒಂದೇ ಕಾಗದದ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಅಚ್ಚು ಹಾಕಿದ ಆ ಅಪರಿಚಿತ ಮಹನೀಯರಿಗೂ ಕಾವೇರಿ ದಡದಿಂದ ನನ್ನ ಹೃತ್ಪೂರ್ವಕ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ, ಆದರೆ ತಮ್ಮ ಪೆಟ್ಟಿಗೆ ಮನೆಗೆ ಬರುವ ಮುಂಚೆ ಇನ್ನೂ ಹೆಚ್ಚು ಕ್ಷೇಮವಾಗಿದ್ದೆವು, ಅಥವಾ ಹಾಗೆಂದುಕೊಂಡಿದ್ದೆವು. ಹೋದ ವರ್ಷ ನಾನು ತಮಗೆ ಎರಡು ದೂರು ಪತ್ರಗಳನ್ನು ಬರೆದು, ತಮ್ಮ ಪೆಟ್ಟಿಗೆ ಸುಳ್ಳು ಹೇಳುತ್ತದೆಂದೂ, ಮರ್ಯಾದಸ್ಥರ ಮನೆಯ ನೀರಿಗೆ ಇಲ್ಲದ ಬಣ್ಣ ಕಟ್ಟುತ್ತದೆಂದೂ ಆಪಾದಿಸಿದ್ದೆ. ಅವೆರಡನ್ನೂ ದಯವಿಟ್ಟು ಹರಿದುಹಾಕಬೇಕಾಗಿ ವಿನಂತಿ. ಇದು ಮೂರನೆಯದು, ಬೇರೆ ದೂರು, ನಾಲ್ಕು ಜನ ಓದಲೆಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ನಾನು ಯಾರೆಂದು ಹೇಳಿಕೊಳ್ಳಬೇಕು. ನಮ್ಮೂರಿನ ಸಹಕಾರ ಸಂಘದ ಗೊಬ್ಬರದ ಮಳಿಗೆಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದವನು ನಾನು. ನಮ್ಮಪ್ಪ ಅರಕಲಗೂಡಿನ ಕಡೆಯಿಂದ ಇಲ್ಲಿಗೆ ಬಂದು ಭೂಮಿ ಮಾಡಿದವರು. ಅವರು ಭತ್ತ ಬೆಳೆಯುತ್ತಿದ್ದ ಗದ್ದೆಗಳಿಗೆ ಶುಂಠಿ ಬಂದು ಕೂತದ್ದು ನನ್ನ ಕಾಲದಲ್ಲಿ. ಶುಂಠಿ ಹೊಟ್ಟೆಬಾಕ ಬೆಳೆ. ರೈತರು ಕೌಂಟರಿನ ಮುಂದೆ ನಿಂತು, ಎಷ್ಟು ಹಾಕೋಣ ಗುಮಾಸ್ತರೇ ಎಂದು ಕೇಳಿದಾಗಲೆಲ್ಲ ನಾನು ಕನ್ನಡಕ ಸರಿಮಾಡಿಕೊಂಡು, ಪುಸ್ತಕದಲ್ಲಿ ಬರೆದಿರುವ ಲೆಕ್ಕ ಹೇಳಿ, ಆಮೇಲೆ ಅದಕ್ಕೆ ನನ್ನದೇ ಒಂದು ಮಾತು ಸೇರಿಸುತ್ತಿದ್ದೆ: "ಇನ್ನೊಂದು ಮೂಟೆ ಹಾಕಿ ಬಿಡಿ, ಜಾಸ್ತಿ ಆದ್ರೆ ಮಣ್ಣಲ್ಲೇ ಇರುತ್ತೆ, ಎಲ್ಲಿಗೋಗುತ್ತೆ?" ಈ ಮಾತನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಬೀದಿಯಲ್ಲಿ ಹೋಗುವಾಗ ಕೆಲವರು ಹಿಂದಿನಿಂದ ನನ್ನನ್ನು 'ಇನ್ನೊಂದು ಮೂಟೆ ಕೆಂಪಣ್ಣ' ಎಂದೇ ಕರೆಯುತ್ತಿದ್ದರು. ನಾನು ಅದನ್ನು ಬಿರುದೆಂದು ತಿಳಿದಿದ್ದೆ.

ಈಗ ಮೀನಿನ ತೊಟ್ಟಿಯ ಸಮಾಚಾರ. ನನ್ನ ಮಗಳು ವೀಣಾ ಸೋಮವಾರಪೇಟೆಯ ಶಾಲೆಯೊಂದರಲ್ಲಿ ವಿಜ್ಞಾನದ ಮೇಡಂ. ಹೋದ ವರ್ಷ ಆಗಸ್ಟಿನಲ್ಲಿ, ಏಳು ತಿಂಗಳಾದಾಗ, ಮೊದಲ ಹೆರಿಗೆಗೆ ತವರಿಗೆ ಬಂದಳು. ಸಾಮಾನ್ಯವಾಗಿ ಹೆಣ್ಣುಮಕ್ಕಳು ಹೆರಿಗೆಗೆ ಬರುವಾಗ ಬಟ್ಟೆಯ ಸೂಟ್‌ಕೇಸ್ ತರುತ್ತಾರೆ. ನಮ್ಮ ಮಗಳು ಎರಡಡಿ ಉದ್ದದ ಒಂದು ಗಾಜಿನ ತೊಟ್ಟಿಯನ್ನೂ, ಅದರೊಳಗಿನ ಹನ್ನೊಂದು ಗಪ್ಪಿ ಮೀನುಗಳನ್ನೂ, ಎಳೆಯ ಭತ್ತದ ಪೈರಿನ ಹಾಗೆ ನೀರೊಳಗೆ ನೆಟ್ಟಗೆ ನಿಲ್ಲುವ ಹಸಿರು ಗಿಡಗಳನ್ನೂ ತಂದಳು. ಅಳಿಯ ಅಶ್ವಥ್ ಜೀಪಿನಲ್ಲಿ ದಾರಿಯುದ್ದಕ್ಕೂ ಅರ್ಧ ನೀರು ತುಂಬಿದ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದ, ಇಳಿಯುವಾಗ ಅವನ ಪ್ಯಾಂಟಿನ ಸ್ಥಿತಿ ನೋಡಿ ನಾವು ಯಾರೂ ಏನೂ ಕೇಳಲಿಲ್ಲ. ವೀಣಾ ತೊಟ್ಟಿಯನ್ನು ಹಾಲ್‌ನ ಕಿಟಕಿಯ ಪಕ್ಕದಲ್ಲಿ ಇಡಿಸಿ, ತಮ್ಮ ಪೆಟ್ಟಿಗೆಯನ್ನೂ ಒಂದು ನೋಟ್‌ಬುಕ್ಕನ್ನೂ ನನ್ನ ಕೈಗಿತ್ತಳು.

"ಅಪ್ಪ, ನಂಗೆ ಬಗ್ಗೋಕಾಗಲ್ಲ. ಇನ್ಮೇಲೆ ನೀನೇ ನೋಡ್ಕೋಬೇಕು. ಭಾನುವಾರ ಭಾನುವಾರ ಕಾಲು ಭಾಗ ನೀರು ತೆಗೆದು ಹೊಸ ನೀರು ಹಾಕು. ನೈಟ್ರೇಟ್ ನೋಡಿ ಬರೆದಿಡು. ಅಲ್ಲಿ ಯಾವಾಗ್ಲೂ ಹತ್ತರ ಹತ್ರ ಇರ್ತಿತ್ತು, ಇಪ್ಪತ್ತು ದಾಟಿದ್ರೆ ಹೇಳು."

ನೈಟ್ರೇಟ್ ಎಂದರೆ ಸಾರಜನಕದ ಸಂಸಾರದ್ದೇ ಮಗು. ಅದರ ವಂಶವನ್ನೇ ಮೂಟೆಗಟ್ಟಲೆ ಮಾರಿದವನಿಗೆ ಇದೇನು ಹೊಸದೇ ಎಂದು ನಾನು ಒಳಗೊಳಗೇ ನಕ್ಕೆ. ಮೀನು ತಿಂದು ಹೊರಹಾಕಿದ್ದು, ಕೊಳೆತ ಎಲೆ, ಮಿಕ್ಕಿದ ಆಹಾರ ಎಲ್ಲ ಕೊನೆಗೆ ನೈಟ್ರೇಟ್ ಆಗುತ್ತದೆ. ಅದನ್ನು ಗಿಡ ಹೀರುತ್ತದೆ. ಮಿಕ್ಕರೆ ಪಾಚಿ ಬರುತ್ತದೆ. ಅದಕ್ಕಾಗಿ ನೀರು ಬದಲಿಸಬೇಕು. ವೀಣಾ ಇದನ್ನೆಲ್ಲ ವಿವರಿಸುತ್ತಿದ್ದಾಗ ನಾನು ತಲೆಯಾಡಿಸುತ್ತ, ಸಂಘದ ಕೌಂಟರಿನಲ್ಲಿ ಕೂತವನ ಹಾಗೆ ಕೂತಿದ್ದೆ.

ಮೊದಲ ಭಾನುವಾರದ ಪರೀಕ್ಷೆಯನ್ನು ನೆನೆದರೆ ನನಗೆ ಇಂದೂ ಸಂತೋಷವಾಗುತ್ತದೆ. ಗಾಜಿನ ಕೊಳವೆಗೆ ನೀರು ಹಾಕಿ, ಮೊದಲ ಬಾಟಲಿಯಿಂದ ಹತ್ತು ಹನಿ, ಎರಡನೆಯದರಿಂದ ಹತ್ತು ಹನಿ ಬಿಟ್ಟು, ಐದು ನಿಮಿಷ ಕಾದು ನೋಡಿದರೆ ನಿಂಬೆಹಣ್ಣಿನ ಶರಬತ್ತಿನಂತೆ ಶುದ್ಧ ಹಳದಿ. ಎರಡನೇ ಭಾನುವಾರವೂ ಹಳದಿ, ಮೂರನೆಯದೂ ಹಳದಿ. ನೋಟ್‌ಬುಕ್ಕಿನಲ್ಲಿ ಮೂರು ಸೊನ್ನೆಗಳನ್ನು ಗುಂಡಗೆ ಬರೆದು, ನನ್ನ ಹೆಂಡತಿ ರಾಮಮ್ಮನಿಗೆ ತೋರಿಸಿ, ಸೋಮವಾರಪೇಟೆಯಲ್ಲಿ ಹತ್ತು ಇದ್ದದ್ದು ನಮ್ಮ ಬಾವಿಯ ನೀರಿಗೆ ಸೊನ್ನೆಗೆ ಇಳಿಯಿತೆಂದು ಹೇಳಿದೆ. ಆ ಬಾವಿ ನಮ್ಮಪ್ಪ ತೋಡಿಸಿದ್ದು. ಅದರ ನೀರು ಈ ಬೀದಿಯಲ್ಲೇ ಸಿಹಿ ಎಂದು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಆದರೆ ಸೊನ್ನೆ ನೈಟ್ರೇಟ್ ಇರುವ ತೊಟ್ಟಿಯಲ್ಲಿ ಗಾಜಿನ ಮೇಲೆಲ್ಲ ಪಾಚಿ ಹತ್ತಿ, ಎಲೆಗಳ ಅಂಚಿಗೆ ಕಪ್ಪು ಕೂದಲು ಬೆಳೆದು, ಎರಡು ಮೀನು ಮೇಲಕ್ಕೆ ಬಂದು ಬಾಯಿ ತೆರೆಯುತ್ತ ನಿಂತವು. ವೀಣಾ ಮಂಚದಿಂದಲೇ ತೊಟ್ಟಿಯನ್ನು ನೋಡಿ, ನೋಟ್‌ಬುಕ್ಕನ್ನು ನೋಡಿ, ನನ್ನನ್ನು ನೋಡಿದಳು. ರಾಮಮ್ಮ ಇನ್ನೂ ನೇರವಾಗಿ ಕೇಳಿದಳು.

"ನಿಜ ಹೇಳಿ, ನೀವೇನಾದ್ರೂ ಅದಕ್ಕೆ ಯೂರಿಯಾ ಹಾಕಿದ್ರಾ?"

"ಇಲ್ಲ ಕಣೇ!"

"ಒಂದು ಚಿಟಿಕೆ?"

ಮೂವತ್ತೊಂದು ವರ್ಷ ಸಂಸಾರ ಮಾಡಿದ ಹೆಂಡತಿಯೇ ಹೀಗೆ ಕೇಳಿದರೆ ಮನುಷ್ಯ ಯಾರ ಹತ್ತಿರ ಹೇಳಿಕೊಳ್ಳಬೇಕು? ಹಾಗೆ ನೋಡಿದರೆ ತಪ್ಪಿತಸ್ಥೆ ಅವಳೇ. ಮೀನುಗಳಿಗೂ ಹಸಿವಾಗುತ್ತದೆಂದು ಊಟಕ್ಕೆ ಮುಂಚೆ ಅವಕ್ಕೆ ನಾಲ್ಕು ಅಗುಳು ಅನ್ನ ಹಾಕುತ್ತಿದ್ದುದನ್ನು ನಾನು ಎರಡು ಸಲ ಹಿಡಿದಿದ್ದೆ. ಆದರೂ ಮಾನ ಉಳಿಸಿಕೊಳ್ಳಲು ತಮಗೆ ಮೊದಲ ದೂರು ಬರೆದೆ, ಅದಕ್ಕೆ ಉತ್ತರವಾಗಿ ತಮ್ಮ ಕಚೇರಿಯಿಂದ ಕುಮಾರಿ ಪ್ರಿಯಾ ಎಂಬವರು ಫೋನ್ ಮಾಡಿದರು. ತಮ್ಮ ಸಿಬ್ಬಂದಿಯ ಬಗ್ಗೆ ನನ್ನ ಗಂಭೀರ ಆಕ್ಷೇಪ ಇಲ್ಲಿಂದ ಶುರುವಾಗುತ್ತದೆ. ಗ್ರಾಹಕರು ದೂರು ಹೇಳಿದರೆ ಕ್ಷಮೆ ಕೇಳಿ ಫೋನ್ ಇಡುವುದು ಲೋಕದ ಪದ್ಧತಿ. ಈ ಹುಡುಗಿ ಪ್ರಶ್ನೆ ಕೇಳುತ್ತಾಳೆ.

"ಸರ್, ಎರಡನೇ ಬಾಟಲಿನ ಅರ್ಧ ನಿಮಿಷ ಜೋರಾಗಿ ಅಲುಗಾಡಿಸಿದ್ರಾ?"

"ಅಲುಗಾಡಿಸೋದಾ? ಯಾಕಮ್ಮ?"

"ಅದರ ಪುಡಿ ತಳದಲ್ಲಿ ಗಟ್ಟಿ ಕೂತಿರುತ್ತೆ ಸರ್. ಅಲುಗಾಡಿಸದಿದ್ರೆ ಯಾವ ನೀರು ಹಾಕಿದ್ರೂ ಹಳದಿನೇ ಬರುತ್ತೆ. ಬಾಟಲಿನ ಮೇಜಿಗೆ ನಾಲ್ಕು ಸಲ ತಟ್ಟಿ, ಆಮೇಲೆ ಅಲುಗಾಡಿಸಿ. ಹನಿ ಬಿಟ್ಟ ಮೇಲೆ ಕೊಳವೆನೂ ಒಂದು ನಿಮಿಷ ಅಲುಗಾಡಿಸ್ಬೇಕು. ಕಾಗದದಲ್ಲಿ ಬರೆದಿದೆ ಸರ್."

ಕಾಗದದಲ್ಲಿ ಬರೆದಿತ್ತು, ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ. ನಾನು ತಟ್ಟಿದೆ, ಅಲುಗಾಡಿಸಿದೆ, ಐದು ನಿಮಿಷ ಕಾದೆ. ಮಾನ್ಯರೇ, ಕೊಳವೆಯಲ್ಲಿ ಬಂದದ್ದು ಎಂಥ ಕೆಂಪು! ತಮ್ಮ ಪಟ್ಟಿಯಲ್ಲಿ ಎಂಬತ್ತರ ಎದುರಿಗಿರುವ ಕೆಂಪು. ವೀಣಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ನೀರು ಬದಲಾಯಿಸು ಅಪ್ಪ, ಜಾಸ್ತಿ ಬದಲಾಯಿಸು" ಎಂದಳು. ನಾನು ಭಾನುವಾರದ ಕೆಲಸವನ್ನು ದಿನದ ಕೆಲಸ ಮಾಡಿಕೊಂಡೆ. ಬಾವಿಯಿಂದ ಬಕೆಟ್ ಬಕೆಟ್ ನೀರು ತಂದು ಕಾಲು ಭಾಗ, ಆಮೇಲೆ ಮೂರನೇ ಒಂದು ಭಾಗ, ಆಮೇಲೆ ಅರ್ಧ ಭಾಗ ಬದಲಿಸಿದೆ. ರಾಮಮ್ಮನ ಅನ್ನ ನಿಲ್ಲಿಸಿದೆ, ಕೊಳೆತ ಎಲೆ ಕತ್ತರಿಸಿದೆ, ತಳದ ಮರಳಿನ ಕಸವನ್ನು ಪೈಪಿನಲ್ಲಿ ಎಳೆದೆ. ಹತ್ತು ದಿನ ಕಳೆದು ನೋಡಿದರೆ ಅದೇ ಎಂಬತ್ತು. ಹನ್ನೊಂದು ಮೀನು ಏಳಾಗಿದ್ದವು. ಸತ್ತ ನಾಲ್ಕನ್ನೂ ವೀಣಾ ಕಾಣದ ಹಾಗೆ ದಾಸವಾಳದ ಬುಡದಲ್ಲಿ ಹೂತೆ. ಅವಳು ಬೆರಳಿನಿಂದ ಗಾಜು ತಟ್ಟಿ ಮೀನುಗಳನ್ನು ಎಣಿಸಿದಳು. ಹೊಟ್ಟೆಯಲ್ಲಿ ಕೂಸಿರುವ ಮಗಳು ಹಾಗೆ ಎಣಿಸುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಎರಡನೇ ದೂರನ್ನು ಆವತ್ತೇ ಬರೆದೆ, ತಮ್ಮನ್ನು ಮೋಸಗಾರರೆಂದು ಕರೆದದ್ದು ಅದರಲ್ಲೇ.

ಮತ್ತೆ ಪ್ರಿಯಾ ಫೋನ್ ಮಾಡಿದರು. ಎಲ್ಲವನ್ನೂ ಸಮಾಧಾನವಾಗಿ ಕೇಳಿದರು. ಆಮೇಲೆ, "ಸರ್, ತೊಟ್ಟಿಗೆ ಹಾಕೋ ನೀರನ್ನೇ ಒಂದ್ಸಲ ಟೆಸ್ಟ್ ಮಾಡಿದ್ದೀರಾ?" ಎಂದರು.

"ಅದು ನಮ್ಮ ಬಾವಿ ನೀರು ಕಣಮ್ಮ. ನಾವು ಕುಡಿಯೋ ನೀರು."

"ಗೊತ್ತು ಸರ್. ನಾನೂ ಕೊಡಗಿನವಳೇ, ಕುಟ್ಟದವಳು. ಬಾವಿ ಹತ್ರ ಶುಂಠಿ ಏನಾದ್ರೂ ಹಾಕಿದ್ದೀರಾ?"

ಕುಟ್ಟದ ಹುಡುಗಿ ಕುಶಾಲನಗರದ ಬಾವಿಯ ಮೇಲೆ ಹೀಗೆ ಕೈ ಇಡುವುದೇ ಎಂದು ನಾನು ಫೋನ್ ಇಟ್ಟುಬಿಟ್ಟೆ. ಇಟ್ಟ ಮೇಲೆ ಒಂಬತ್ತು ದಿನ ತಮ್ಮ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಬಾವಿಯ ಹಿಂದಿನ ಏರಿನಲ್ಲಿ ಮುಕ್ಕಾಲು ಎಕರೆ ಶುಂಠಿ ಇದ್ದದ್ದು ನಿಜ. ಅದು ನನ್ನದೇ. ಆ ವರ್ಷ ಅದಕ್ಕೆ ಮೂರು ಸಲ ಮೇಲುಗೊಬ್ಬರ ಕೊಟ್ಟಿದ್ದೆ, ಮೂರು ಸಲವೂ ನನ್ನ ಪ್ರಸಿದ್ಧ ಸಲಹೆಯಂತೆ.

ಈ ನಡುವೆ ಅಕ್ಟೋಬರಿನಲ್ಲಿ, ಇನ್ನೂ ದಿನ ತುಂಬುವ ಮುಂಚೆಯೇ, ವೀಣಾಗೆ ನೋವು ಬಂದು ಮಡಿಕೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೆಣ್ಣು ಮಗು. ಎರಡು ಕೆ.ಜಿ.ಗಿಂತ ಸ್ವಲ್ಪ ಕಡಿಮೆ. ನನ್ನ ಅಂಗೈಯಲ್ಲಿ ಇಟ್ಟಾಗ, ಇಷ್ಟು ಹಗುರವಾದದ್ದನ್ನು ನಾನು ಜೀವಮಾನದಲ್ಲಿ ತೂಗಿರಲಿಲ್ಲ ಎಂದುಕೊಂಡೆ. ತಾಯಿಯ ಹಾಲು ಸಾಲದೆಂದು ವೈದ್ಯರು ಹಾಲಿನ ಪುಡಿ ಬರೆದುಕೊಟ್ಟು, ಕುದಿಸಿ ಆರಿಸಿದ ನೀರಿನಲ್ಲಿ ಕಲಸಬೇಕೆಂದರು. ವೀಣಾ ಜೊತೆಗೆ ಅಶ್ವಥ್ ಉಳಿದ. ಬಾಣಂತಿಯ ಕೋಣೆ ಸಿದ್ಧಮಾಡಲು ನಾನೂ ರಾಮಮ್ಮನೂ ಊರಿಗೆ ಬಂದೆವು. ಶುಕ್ರವಾರ ಮಗು ಮನೆಗೆ ಬರುವುದಿತ್ತು. ಗುರುವಾರ ಬೆಳಿಗ್ಗೆ ರಾಮಮ್ಮ ಹೊಸ ಪಾತ್ರೆಗಳನ್ನು ತೊಳೆದು, ಬಾವಿಯ ನೀರು ಹಿಡಿದು ಒಲೆಯ ಮೇಲಿಟ್ಟಳು. ನಾನು ತಮ್ಮ ಪೆಟ್ಟಿಗೆಯನ್ನು ತೆಗೆದೆ. ಮಗುವಿನ ಯೋಚನೆಯಿಂದಲ್ಲ, ಮಾನ್ಯರೇ, ಸುಳ್ಳು ಹೇಳಬಾರದು. ಮಗಳು ಬರುವುದರೊಳಗೆ ತಮ್ಮ ಪೆಟ್ಟಿಗೆ ದಂಡವೆಂದು ಸಾಬೀತು ಮಾಡಿ ಇಡಬೇಕೆಂಬ ಹಟದಿಂದ.

ಬಾವಿಯ ನೀರನ್ನು ಕೊಳವೆಗೆ ಹಾಕಿದೆ. ಎಂಬತ್ತರ ಕೆಂಪು. ನೋಡಿದೆಯಾ, ಈ ಪೆಟ್ಟಿಗೆ ಏನು ಹಾಕಿದರೂ ಕೆಂಪೇ ತೋರಿಸುತ್ತದೆ ಎಂದು ರಾಮಮ್ಮನಿಗೆ ಹೇಳಿ, ಅದನ್ನು ಖಾತ್ರಿಪಡಿಸಲು ಹಿತ್ತಲಿನ ಹೆಂಚಿನಿಂದ ಹಂಡೆಗೆ ಇಳಿದಿದ್ದ ಮಳೆನೀರನ್ನು ಇನ್ನೊಂದು ಕೊಳವೆಗೆ ಹಾಕಿದೆ. ಅದೇ ಬಾಟಲಿ, ಅದೇ ಹನಿ, ಅದೇ ಅಲುಗಾಟ. ಹಳದಿ. ಇನ್ನೊಮ್ಮೆ ಮಾಡಿದೆ. ಹಳದಿ. ಎರಡು ಕೊಳವೆಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತೆ. ತೊಟ್ಟಿಯ ನೀರು ಕೆಟ್ಟಿರಲಿಲ್ಲ. ನಾನೇ ದಿನಾ ಬಕೆಟ್ಟಿನಲ್ಲಿ ಅದಕ್ಕೆ ನೈಟ್ರೇಟ್ ಹೊಯ್ಯುತ್ತಿದ್ದೆ.

ಪ್ರಿಯಾಗೆ ಈ ಸಲ ನಾನೇ ಫೋನ್ ಮಾಡಿದೆ. ಬಣ್ಣ ಹೇಳಿದೆ. ಅವರು, "ಸರ್, ಮನೇಲಿ ಎಳೆ ಮಗು ಇದೆಯಾ?" ಎಂದು ಕೇಳಿದರು.

"ನಾಳೆ ಬರುತ್ತೆ."

"ಬಾಟ್ಲಿ ಹಾಲಾ ಸರ್?"

"ಹೌದು."

"ಸರ್, ನಾನು ಡಾಕ್ಟರಲ್ಲ, ನಮ್ಮದು ಮೀನಿನ ಪೆಟ್ಟಿಗೆ ಅಷ್ಟೇ. ಆದ್ರೆ ಆ ನೀರಲ್ಲಿ ಹಾಲು ಕಲಸ್ಬೇಡಿ. ಕುಡಿಯೋ ನೀರಲ್ಲಿ ನಲವತ್ತೈದು ದಾಟಬಾರದು. ಇಷ್ಟಿದ್ರೆ ಎಳೆ ಮಗು ರಕ್ತಕ್ಕೆ ಆಕ್ಸಿಜನ್ ಸಾಲಲ್ಲ, ಮೈ ನೀಲಿ ಆಗೋ ಸಾಧ್ಯತೆ ಇರುತ್ತೆ. ಈಗಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ."

"ನಾವು ಕುದಿಸ್ತೀವಲ್ಲಮ್ಮ?"

"ಕುದಿಸಿದ್ರೆ ಅದು ಹೋಗಲ್ಲ ಸರ್. ನೀರು ಆವಿ ಆಗುತ್ತೆ, ಅದು ಪಾತ್ರೆಲೇ ಉಳಿಯುತ್ತೆ. ಇನ್ನೂ ಗಟ್ಟಿ ಆಗುತ್ತೆ."

ಒಲೆಯ ಮೇಲೆ ಅಷ್ಟು ಹೊತ್ತಿನಿಂದ ಕುದ್ದು ಅರ್ಧಕ್ಕೆ ಬಂದಿದ್ದ ನೀರನ್ನು ಆರಿಸಿ ಕೊಳವೆಗೆ ಹಾಕಿದೆ. ಐದು ನಿಮಿಷ ಇಬ್ಬರೂ ಕಾದೆವು. ಬಂದ ಬಣ್ಣ ತಮ್ಮ ಪಟ್ಟಿಯ ಕೊನೆಯ ಮೆಟ್ಟಿಲಿನದು. ರಾಮಮ್ಮ ಅಕ್ಷರ ಹೆಚ್ಚು ಓದಿದವಳಲ್ಲ, ಆದರೆ ಆ ಪಟ್ಟಿಯನ್ನು ಅವಳು ನನಗಿಂತ ಬೇಗ ಓದಿದಳು. ಪಾತ್ರೆಯ ನೀರನ್ನು ಬಚ್ಚಲಿಗೆ ಸುರಿದು ಬಂದು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ನಾನು ಇದರಲ್ಲೇ ಕಲಸ್ತಿದ್ದೆ ಕಣ್ರೀ" ಎಂದಳು. ಆಮೇಲೆ ಅದನ್ನೇ ಇನ್ನೊಂದು ಸಲ ಹೇಳಿದಳು.

ವೈದ್ಯರು ಫೋನಿನಲ್ಲಿ ಪ್ರಿಯಾ ಹೇಳಿದ್ದನ್ನೇ ಹೇಳಿದರು, ಇನ್ನೂ ಗಟ್ಟಿಯಾಗಿ ಹೇಳಿದರು. ಈಗ ನೀರು ಬೇಕಿತ್ತು. ನಮ್ಮ ಬೀದಿಯಲ್ಲಿ ಶುಂಠಿಯ ಏರಿಗಿಂತ ಮೇಲೆ ಇರುವುದು ಒಂದೇ ಬಾವಿ, ಕಾಫಿ ಗಿಡಗಳ ಮಧ್ಯೆ, ರುದ್ರಮ್ಮನದು. ರುದ್ರಮ್ಮ ಗಂಡ ಸತ್ತ ಮೇಲೆ ಒಬ್ಬರೇ ತೋಟವನ್ನೂ ಕೆಳಗಿನ ಶುಂಠಿ ಗದ್ದೆಯನ್ನೂ ನೋಡಿಕೊಳ್ಳುವ ಗಟ್ಟಿಗಿತ್ತಿ. ಅವರ ಬಾವಿಯ ನೀರನ್ನು ನಾನು ನಾಲ್ಕು ಜನರ ಎದುರು ಎಲೆ ಕೊಳೆತ ಕಷಾಯವೆಂದು ಕರೆದಿದ್ದೆ. ಅದು ಅವರ ಕಿವಿಗೂ ಬಿದ್ದಿತ್ತು. ಹೆಗಲ ಮೇಲೆ ಸ್ಟೀಲ್ ಕೊಡ, ಜೇಬಿನಲ್ಲಿ ತಮ್ಮ ಬಾಟಲಿಗಳು, ಹೀಗೆ ಹಗಲು ಹನ್ನೊಂದು ಗಂಟೆಗೆ ಇಡೀ ಬೀದಿ ನೋಡುತ್ತಿರಲು ಅವರ ಅಂಗಳದಲ್ಲಿ ಹೋಗಿ ನಿಂತೆ.

"ಏನು ಕೆಂಪಣ್ಣೋರೆ, ಕೊಡ ಹಿಡ್ಕೊಂಡು? ನಿಮ್ಮ ಬಾವಿ ಸಕ್ಕರೆ ಪಾಕ ಖಾಲಿ ಆಯ್ತಾ?"

"ಮೊಮ್ಮಗಳು ನಾಳೆ ಬರ್ತಾಳೆ ರುದ್ರಮ್ಮ. ನಮ್ಮ ನೀರು ಅವಳಿಗೆ ಆಗಲ್ಲ. ನಿಮ್ಮದನ್ನ ಪರೀಕ್ಷೆ ಮಾಡಿ ನೋಡ್ಲಾ?"

ನಾನು ಜಗಳಕ್ಕೆ ಸಿದ್ಧನಾಗಿದ್ದೆ, ಕೈಯಾರೆ ಸಂಪಾದಿಸಿದ ಜಗಳ. ಅವರು ನನ್ನ ಮುಖ ನೋಡಿದರು, ಹಗ್ಗದ ರಾಟೆಯ ಕಡೆ ಕೈ ತೋರಿಸಿದರು, ಪರೀಕ್ಷೆಯ ಐದು ನಿಮಿಷವೂ ನನ್ನ ಪಕ್ಕದಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತರು. ತಿಳಿ ಕಿತ್ತಳೆ, ಹತ್ತು. ಡಾಕ್ಟರಿಗೆ ಮತ್ತೆ ಕೇಳಿ, ಅವರು ಸರಿಯೆಂದ ಮೇಲೆ ಆ ನೀರನ್ನೇ ಕುದಿಸಿ ಮಗುವಿಗೆ ಕೊಟ್ಟೆವು. ಅಲ್ಲಿಂದ ಏಳು ತಿಂಗಳು, ದಿನಕ್ಕೆ ಎರಡು ಕೊಡ, ನಾನೇ ಹೊತ್ತೆ. ಮಗು ಆ ನೀರಿನ ಹಾಲು ಕುಡಿದು, ಎರಡು ಕೆ.ಜಿ. ಇದ್ದದ್ದು ಈಗ ನನ್ನ ಸೊಂಟ ಹಿಡಿಯುವಷ್ಟು ಭಾರವಾಗಿದೆ. ಮೋಕ್ಷಿತಾ ಎಂದು ಹೆಸರಿಟ್ಟಿದ್ದೇವೆ.

ರುದ್ರಮ್ಮ ಮೊದಲ ದಿನ ಕೊಡವನ್ನು ನನ್ನ ಹೆಗಲಿಗೆ ಎತ್ತಿಕೊಡುವಾಗ ಒಂದು ಮಾತು ಕೇಳಿದರು. "ಅಲ್ಲ ಕೆಂಪಣ್ಣೋರೆ, ಜಾಸ್ತಿ ಆದ್ರೆ ಮಣ್ಣಲ್ಲೇ ಇರುತ್ತೆ ಅಂತಿದ್ರಲ್ಲ? ನಾನು ಹನ್ನೆರಡು ವರ್ಷ ನಿಮ್ಮ ಮಾತು ಕೇಳಿ ಹಾಕ್ದೆ. ಮುಂದಿನ ಸಲ ಎಷ್ಟು ಹಾಕ್ಲಿ ಹೇಳಿ."

ಪುಸ್ತಕದ ಲೆಕ್ಕ ನನಗೆ ಬಾಯಿಪಾಠ. ಆದರೂ ಕೊಡವನ್ನು ಹೆಗಲ ಮೇಲೆ ಸರಿಮಾಡಿಕೊಂಡು, "ಮಣ್ಣು ಪರೀಕ್ಷೆ ಮಾಡ್ಸಿ ಹಾಕೋಣ. ನಾನು ಹೇಳ್ತಿದ್ದಷ್ಟು ಮಾತ್ರ ಬೇಡ" ಎಂದೆ. ಕೊಡ ಭಾರವಿದ್ದದ್ದರಿಂದ ತಲೆ ತಗ್ಗಿಸಿಕೊಂಡು ಇಳಿದುಬಂದದ್ದು ಯಾರಿಗೂ ವಿಶೇಷವಾಗಿ ಕಾಣಲಿಲ್ಲ.

ಇನ್ನು ತೊಟ್ಟಿಯ ವಿಷಯದಲ್ಲಿ ತಮಗೆ ಕುತೂಹಲವಿದ್ದರೆ, ಅದಕ್ಕೆ ಮಳೆನೀರನ್ನೂ ರುದ್ರಮ್ಮನ ನೀರನ್ನೂ ಬೆರೆಸಿ, ಒಂದೇ ಸಲ ಸುರಿಯದೆ ಸ್ವಲ್ಪಸ್ವಲ್ಪವಾಗಿ ಬದಲಿಸುತ್ತ ಬಂದೆವು. ಒಂದು ದಿನ ರಾಮಮ್ಮ ಕಿಟಕಿಯಲ್ಲಿದ್ದ ಮನಿ ಪ್ಲಾಂಟಿನ ಬಳ್ಳಿಯನ್ನು ಎಳೆದು, ಬೇರು ನೀರಿಗೆ ಮುಟ್ಟುವ ಹಾಗೆ, ಎಲೆ ಹೊರಗಿರುವ ಹಾಗೆ ತೊಟ್ಟಿಯ ಅಂಚಿಗೆ ಸಿಕ್ಕಿಸಿ, "ತಿನ್ನೋದು ಜಾಸ್ತಿ ಇದ್ರೆ ತಿನ್ನೋರನ್ನ ಕರೀಬೇಕು" ಎಂದಳು. ಅದು ನೈಟ್ರೇಟ್ ಹೀರಿ ಹೀರಿ ಈಗ ಪರದೆಯ ಕೋಲನ್ನು ಹಿಡಿದಿದೆ. ತೊಟ್ಟಿ ಇಪ್ಪತ್ತರಲ್ಲಿ ನಿಂತಿದೆ. ಏಳು ಮೀನು ಇಪ್ಪತ್ತಾರಾಗಿವೆ. ಇಷ್ಟಕ್ಕೆ ಈ ಪತ್ರ ಮುಗಿಯಬಹುದಿತ್ತು, ತಮ್ಮ ಮೇಲೆ ದೂರೇ ಇರುತ್ತಿರಲಿಲ್ಲ.

ಆದರೆ ಈ ಸೆಪ್ಟೆಂಬರಿನಲ್ಲಿ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ನಿವೃತ್ತ ನೌಕರರಿಗೆ ಸನ್ಮಾನವಿತ್ತು. ಅಧ್ಯಕ್ಷ ಶಶಿಕುಮಾರ್ ನನಗೆ ಶಾಲು ಹೊದಿಸಿ, ಹಾರ ಹಾಕಿ, ಮೈಕಿನಲ್ಲಿ, "ಈ ಭಾಗದ ಶುಂಠಿ ಇವತ್ತು ಇಷ್ಟು ಹುಲುಸಾಗಿ ಬಂದಿದ್ರೆ ಅದಕ್ಕೆ ನಮ್ಮ ಕೆಂಪಣ್ಣೋರ ಸಲಹೆನೇ ಕಾರಣ" ಎಂದರು. ಚಪ್ಪಾಳೆ ಬಿತ್ತು. ಎರಡು ಮಾತು ಆಡಿ ಎಂದು ಮೈಕು ನನ್ನ ಕೈಗೆ ಕೊಟ್ಟರು. ನಾನು ಧನ್ಯವಾದ ಹೇಳಲು ಎದ್ದವನು, ಹಾರದ ಹೂವು ಕುತ್ತಿಗೆಗೆ ಚುಚ್ಚುತ್ತಿದ್ದುದರಿಂದಲೋ ಏನೋ, ಹೇಳಿದ್ದೇ ಬೇರೆ: "ಆ ಇನ್ನೊಂದು ಮೂಟೆ ಎಲ್ಲಿಗೋಗುತ್ತೆ ಅಂತ ನಾನು ಕೇಳ್ತಿದ್ನಲ್ಲ, ಸಿಕ್ಕಿದೆ. ನಮ್ಮನೆ ಬಾವಿಯಲ್ಲಿದೆ. ನಿಮ್ಮ ಬಾವಿಯಲ್ಲೂ ಇರಬಹುದು. ನಾನು ಹೇಳಿದ್ದು ತಪ್ಪು." ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು. ಶಶಿಕುಮಾರ್ ಮೈಕು ಇಸಕೊಂಡು, ಈಗ ಕಾಫಿ ವ್ಯವಸ್ಥೆ ಇದೆ ಎಂದು ಘೋಷಿಸಿದರು. ಯಾರೂ ಹತ್ತಿರ ಬಂದು ಮಾತಾಡಲಿಲ್ಲ. ಶಾಲು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಒಬ್ಬನೇ ನಡೆದು ಬಂದೆ.

ಮಾರನೆಯ ಬೆಳಿಗ್ಗೆ ಬಾಗಿಲು ತೆರೆದರೆ ಜಗಲಿಯ ಮೇಲೆ ಹದಿನಾಲ್ಕು ಬಾಟಲಿ ನೀರು. ಉಪ್ಪಿನಕಾಯಿ ಬಾಟಲಿ, ಕೆಮ್ಮಿನ ಔಷಧಿಯ ಬಾಟಲಿ, ಲೇಬಲ್ ಕೆರೆದು ತೆಗೆದರೂ ಏನಿತ್ತೆಂದು ತಿಳಿಯುವ ಬಾಟಲಿ. ಪ್ರತಿಯೊಂದರ ಕುತ್ತಿಗೆಗೂ ದಾರ, ದಾರಕ್ಕೆ ಚೀಟಿ, ಚೀಟಿಯಲ್ಲಿ ಹೆಸರು. ಶಶಿಕುಮಾರ್ ಹೆಸರಿನದೂ ಒಂದಿತ್ತು.

ಮಾನ್ಯರೇ, ನನ್ನ ನಿಜವಾದ ದೂರು ಇದು. ನೀರನ್ನು ಎಲ್ಲಿಂದ ತೆಗೆಯಬೇಕು, ಎಷ್ಟು ಹನಿ ಬಿಡಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನೆಲ್ಲ ತಾವು ಕಾಗದದ ಎರಡೂ ಮಗ್ಗುಲಿಗೆ ಬರೆದಿದ್ದೀರಿ. ಕೆಂಪು ಬಂದ ಮೇಲೆ ಆ ಮನೆಯ ಬಾಗಿಲಿಗೆ ಹೋಗಿ ನಿಂತು ಏನು ಹೇಳಬೇಕೆಂಬುದನ್ನು ಎಲ್ಲಿಯೂ ಬರೆದಿಲ್ಲ. ಹದಿನಾಲ್ಕರಲ್ಲಿ ಆರು ಕೆಂಪು. ನಾನು ಐದು ಮನೆಗೆ ಹೋಗಿ ಬಂದೆ. ಆರನೆಯದಕ್ಕೆ ಎರಡು ದಿನ ಕಾಲೇ ಬರಲಿಲ್ಲ. ಅದು ಲಿಂಗಿಯ ಚೀಟಿ. ಶುಂಠಿ ಗದ್ದೆಗಳೆಲ್ಲದರ ಕೆಳಗೆ ತಗ್ಗಿನಲ್ಲಿ ಅವಳ ಮನೆ. ನಮ್ಮೆಲ್ಲರ ಶುಂಠಿಗೂ ನನ್ನ ಗೊಬ್ಬರವನ್ನು ಕೈಯಾರೆ ಎರಚಿದವಳು ಅವಳು. ಅವಳ ಸೊಸೆಗೆ ಆಗ ಎಂಟು ತಿಂಗಳು. ಅವಳ ಬಾಟಲಿಯ ಬಣ್ಣ ನಮ್ಮ ಬಾವಿಯದಕ್ಕಿಂತ ಗಾಢವಾಗಿತ್ತು. ಕೊನೆಗೆ ರಾಮಮ್ಮನೇ ನನ್ನ ಚಪ್ಪಲಿಯನ್ನು ಮೆಟ್ಟಿಲ ಮೇಲೆ ಜೋಡಿಸಿಟ್ಟಳು.

ಲಿಂಗಿ ಅಂಗಳ ಗುಡಿಸುತ್ತಿದ್ದಳು. ನಾನು ಕೊಳವೆ ತೋರಿಸಿ, ಮಗುವಿನ ಹಾಲಿನ ಮಾತು ಹೇಳಿ, ಅವಳ ಅಂಗಳದ ಬೋರ್‌ವೆಲ್ ನೀರು ಬೇಡವೆಂದು ಹೇಳಿ, ಕೊನೆಗೆ ಇದಕ್ಕೆಲ್ಲ ನಾನೂ ಕಾರಣವೆಂದು ಹೇಳಿ ಮುಗಿಸುವಷ್ಟರಲ್ಲಿ ಬೆವತುಹೋಗಿದ್ದೆ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಅಯ್ಯೋ ಕೆಂಪಣ್ಣೋ, ನಿಮ್ಮ ಮುಖ ನೋಡಿ ಯಾರೋ ಹೋಗ್ಬಿಟ್ರು ಅಂದ್ಕೊಂಡೆ. ಬನ್ನಿ, ಕೂತ್ಕೊಳ್ಳಿ" ಎಂದು ಕುರ್ಚಿ ಹಾಕಿದಳು. ಆಮೇಲೆ ಕೊಳವೆಯನ್ನು ಇಸಕೊಂಡು ಬಹಳ ಹೊತ್ತು ನೋಡಿ, "ಇದನ್ನ ಮೊದ್ಲೇ ಹೇಳೋರು ಯಾರೂ ಇರ್ಲಿಲ್ವಾ?" ಎಂದಳು. ಕೋಪದಿಂದ ಕೇಳಿರಲಿಲ್ಲ. ಅದಕ್ಕೆ ಉತ್ತರ ತಮ್ಮ ಕಾಗದದಲ್ಲಿ ಎಲ್ಲಿಯೂ ಇಲ್ಲ.

ಹಾಗಾಗಿ ನನ್ನ ವಿನಮ್ರ ಬೇಡಿಕೆಗಳನ್ನು ತಾವು ಮನ್ನಿಸಬೇಕು. ಮುಂದಿನ ಪೆಟ್ಟಿಗೆಯಲ್ಲಿ ಮೂರನೇ ಬಾಟಲಿಯೊಂದನ್ನು ಸೇರಿಸಿ, ಅದರಿಂದ ಎರಡು ಹನಿ ನಾಲಿಗೆಗೆ ಬಿಟ್ಟುಕೊಂಡರೆ ಇಂಥ ಮಾತು ಸಲೀಸಾಗಿ ಬಾಯಿಗೆ ಬರುವಂತೆ ಮಾಡಬೇಕು. ಪಟ್ಟಿಯಲ್ಲಿ ನಲವತ್ತಕ್ಕೂ ಎಂಬತ್ತಕ್ಕೂ ನಡುವೆ ಒಂದು ಸಭ್ಯ ಬಣ್ಣ ಅಚ್ಚು ಹಾಕಿಸಿ, ನಿವೃತ್ತ ನೌಕರರ ಮನೆಯ ನೀರಿಗೆ ಅದನ್ನೇ ಮೀಸಲಿಡಬೇಕು. ಕುಮಾರಿ ಪ್ರಿಯಾ ಅವರನ್ನು ದೂರು ವಿಭಾಗದಿಂದ ತೆಗೆದು, ಗೊಬ್ಬರ ಮಾರುವ ಕಡೆಯೆಲ್ಲ ಕೌಂಟರಿನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ ಕೂರಿಸಬೇಕು. ಅವರು ಬೇರೇನೂ ಮಾಡಬೇಕಿಲ್ಲ, ಪ್ರಶ್ನೆ ಕೇಳಿದರೆ ಸಾಕು. ಲಿಂಗಿಯ ಮನೆಗೆ ಈಗ ರುದ್ರಮ್ಮನ ಬಾವಿಯಿಂದ ಒಂದು ಪೈಪು ಎಳೆದಿದ್ದೇವೆ. ಅಗೆದದ್ದು ನಾನು, ಅಶ್ವಥ್, ಶಶಿಕುಮಾರ್. ಸರ್ಕಾರಿ ಪ್ರಯೋಗಾಲಯದ ವರದಿಯೂ ಬಂದಿದೆ, ತಮ್ಮ ಬಣ್ಣಕ್ಕೂ ಅವರ ಅಂಕಿಗೂ ಹೆಚ್ಚು ವ್ಯತ್ಯಾಸವಿಲ್ಲ. ಪಂಚಾಯಿತಿಯವರು ಬಂದು ನೋಡಿ ಹೋದರು. ನೋಡುವ ಕೆಲಸ ಅವರು ಬಹಳ ಚೆನ್ನಾಗಿ ಮಾಡಿದರು. ಹೋದ ಮಂಗಳವಾರ ಲಿಂಗಿಯ ಸೊಸೆಗೆ ಗಂಡು ಮಗುವಾಗಿದೆ. ನಾನು ಹೋಗಿ ನೋಡಿಬಂದೆ. ಕೆಂಪಗಿದೆ, ಕಿವಿ ಕಿತ್ತುಹೋಗುವಷ್ಟು ಜೋರಾಗಿ ಅಳುತ್ತದೆ.

ನಮ್ಮ ಬಾವಿ ಇನ್ನೂ ಅರವತ್ತರ ಆಸುಪಾಸಿನಲ್ಲಿದೆ. ಇಷ್ಟು ವರ್ಷ ಇಳಿದದ್ದು ಒಂದು ಮಳೆಗಾಲಕ್ಕೆ ಹೋಗುವುದಿಲ್ಲವೆಂದು ವೀಣಾ ಹೇಳಿದ್ದಾಳೆ. ತಿಂಗಳಿಗೊಮ್ಮೆ ನೋಡಿ ಬರೆದಿಡುತ್ತೇನೆ.

ಬಹಳ ತಡವಾಗಿ ತಮ್ಮ ವಿಶ್ವಾಸಿಯಾದ,
ಕೆಂಪಣ್ಣ

ಮರೆತ ಮಾತು: ತಮ್ಮ ಬಾಟಲಿಯ ತಳದಲ್ಲಿ, ಇಷ್ಟನೇ ತಿಂಗಳ ನಂತರ ಇದನ್ನು ನಂಬಬೇಡಿ ಎಂದು ದಿನಾಂಕ ಹಾಕಿರುವುದನ್ನು ಮೊನ್ನೆ ಭೂತಗನ್ನಡಿ ಹಿಡಿದು ಓದಿದೆ. ತುಂಬ ಒಳ್ಳೆಯ ಪದ್ಧತಿ. ಗುಮಾಸ್ತರಿಗೂ ಹೀಗೆ ಹಣೆಯ ಮೇಲೆ ಅಚ್ಚು ಹಾಕುವ ಯಂತ್ರ ತಮ್ಮಲ್ಲಿದ್ದರೆ, ನಮ್ಮ ಸಂಘಕ್ಕೆ ಹೊಸಬರು ಸೇರುವ ಮೊದಲೇ ಒಂದನ್ನು ಕಳುಹಿಸಿಕೊಡುವುದು.